ನೂರರ ಪ್ಲಾನ್, ರಾತ್ರಿ ಒಂಬತ್ತರ ವೇಗ: ಹೊಸಪೇಟೆ ಸೀಮೆಯ ಮನೆ ಇಂಟರ್‌ನೆಟ್ ಕುರಿತು ಒಂದು ಸಂಶೋಧನಾ ಟಿಪ್ಪಣಿ

ಪ್ಲಾನಿನಲ್ಲಿ ಬರೆದಷ್ಟು ವೇಗ ಮನೆಗೆ ನಿಜವಾಗಿ ಬರುತ್ತದೆಯೇ ಎಂದು ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳಲ್ಲಿ ಕೇಳಿದರೆ ಎರಡು ಸಿದ್ಧ ಉತ್ತರಗಳು ಸಿಗುತ್ತವೆ. ಗಿರಾಕಿಯದು: ‘ನೂರರ ಪ್ಲಾನ್ ಹಾಕ್ಸೀನಿ, ಇಪ್ಪತ್ತೂ ಬರವಲ್ದು.’ ಕಂಪನಿಯವರದು: ‘ನಮ್ಮ ಕಡೆಯಿಂದ ಸರಿ ಇದೆ ಸಾರ್, ಬಾಕ್ಸ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ.’ ಈ ಎರಡು ಮಾತೂ ಒಂದೇ ಮನೆಯಲ್ಲಿ, ಒಂದೇ ಸಂಜೆ ನಿಜವಾಗಿರಬಹುದು ಎಂಬುದು ಈ ಟಿಪ್ಪಣಿಯ ವಾದ. ಅವರು ಅಳೆಯುವ ಜಾಗ ಬೇರೆ, ಇವರು ಅಳೆಯುವ ಜಾಗ ಬೇರೆ, ಹೊತ್ತೂ ಬೇರೆ. ಬಿಲ್ಲಿನ ಮೇಲಿನ ಸಂಖ್ಯೆ ಎಲ್ಲಿಂದ ಎಲ್ಲಿಯವರೆಗಿನ ದಾರಿಗೆ, ದಿನದ ಯಾವ ಗಳಿಗೆಗೆ ಸಲ್ಲುತ್ತದೆ ಎಂದು ಗೊತ್ತುಮಾಡಿಕೊಳ್ಳದೆ ‘ಮೋಸ’ ಎನ್ನುವುದೂ ‘ಸರಿ ಇದೆ’ ಎನ್ನುವುದೂ ಅವಸರದ ತೀರ್ಪಾಗುತ್ತದೆ. ಇಲ್ಲಿ ಆಧಾರವಾಗಿ ಇಟ್ಟುಕೊಂಡದ್ದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಮಾಡಿದ ನಿಯಮಗಳು, ಪ್ಲಾನ್‌ಗಳ ಷರತ್ತುಗಳು, ಫೈಬರ್ ಜಾಲದ ತಾಂತ್ರಿಕ ಮಾನಕಗಳು ಮತ್ತು ಈ ನಾಲ್ಕು ಊರುಗಳ ನೆಲದ ಲಕ್ಷಣ.

ಊರುಗಳ ಬಗ್ಗೆ ಮೊದಲೇ ಒಂದು ಮಾತು. ಹೊಸಪೇಟೆಯಿಂದ ಹಂಪಿಗೆ ಹದಿಮೂರು ಕಿ.ಮೀ.; ಸಂಡೂರಿಗೂ ಕಂಪ್ಲಿಗೂ ಹೆಚ್ಚುಕಡಿಮೆ ಮೂವತ್ತು. ಸಂತೆ, ಆಸ್ಪತ್ರೆ, ಕಾಲೇಜು, ರೈಲು ಎಲ್ಲಕ್ಕೂ ಜನ ಓಡಾಡುವುದು ಈ ವರ್ತುಲದೊಳಗೇ. ಆದರೆ 2021ರ ಅಕ್ಟೋಬರ್ 2ರಂದು ವಿಜಯನಗರ ಜಿಲ್ಲೆ ವಿಧ್ಯುಕ್ತವಾಗಿ ಶುರುವಾದಾಗ ಹೊಸಪೇಟೆ, ಹಂಪಿ ಅದಕ್ಕೆ ಸೇರಿದವು; ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಓಡಾಟಕ್ಕೆ ಒಂದೇ ಸೀಮೆ, ಕಡತಕ್ಕೆ ಎರಡು ಜಿಲ್ಲೆ. ಈ ಸಂಗತಿ ಮುಂದೆ ಕೆಲಸಕ್ಕೆ ಬರುತ್ತದೆ.

ನಿಯಮದ ಶೇಕಡಾ ಎಂಬತ್ತು

ಬ್ರಾಡ್‌ಬ್ಯಾಂಡ್ ಎಂದು ಕರೆಸಿಕೊಳ್ಳಲು ಕನಿಷ್ಠ ಎಷ್ಟು ವೇಗ ಬೇಕು ಎಂಬುದನ್ನು ನಮ್ಮಲ್ಲಿ ಮೂರು ಸಲ ಗೊತ್ತುಮಾಡಲಾಗಿದೆ. 2004ರ ನೀತಿಯಲ್ಲಿ 256 ಕೆಬಿಪಿಎಸ್, 2013ರಲ್ಲಿ 512 ಕೆಬಿಪಿಎಸ್, 2023ರ ಜನವರಿಯಲ್ಲಿ 2 ಎಂಬಿಪಿಎಸ್. ಇದು ಹೆಸರಿಗೆ ಹಾಕಿದ ಗೆರೆಯಷ್ಟೆ. ನೂರು ಎಂಬಿಪಿಎಸ್‌ಗೆ ದುಡ್ಡು ಕೊಟ್ಟವನಿಗೆ ಎರಡು ಬಂದರೂ ಅವನ ಸಂಪರ್ಕ ಬ್ರಾಡ್‌ಬ್ಯಾಂಡೇ.

ಕೊಟ್ಟ ಮಾತಿಗೂ ಬಂದ ವೇಗಕ್ಕೂ ಗಂಟು ಹಾಕಿದ ನಿಯಮ ಬೇರೆಯದು. 2006ರ ಅಕ್ಟೋಬರ್‌ನಲ್ಲಿ ಟ್ರಾಯ್ ಹೊರಡಿಸಿದ ಬ್ರಾಡ್‌ಬ್ಯಾಂಡ್ ಸೇವಾ ಗುಣಮಟ್ಟ ನಿಯಮಾವಳಿ, ಚಂದಾದಾರ ಒಪ್ಪಿಕೊಂಡ ಡೌನ್‌ಲೋಡ್ ವೇಗದ ಶೇಕಡಾ 80ಕ್ಕಿಂತ ಹೆಚ್ಚು ಸಿಗಬೇಕು ಎಂದಿತು. ನೂರರ ಪ್ಲಾನಿಗೆ ಎಂಬತ್ತು, ಮೂವತ್ತರದಕ್ಕೆ ಇಪ್ಪತ್ನಾಲ್ಕು. ಓದಿದವರಿಗೆ ಸಮಾಧಾನ ಆಗುವಂಥ ಮಾತೇ. ಆದರೆ ಅದೇ ಸಾಲಿನಲ್ಲಿ ಅಳತೆಯ ಎರಡು ತುದಿಗಳನ್ನೂ ಹೇಳಿದೆ: ಸೇವೆ ಕೊಡುವವರ ನೋಡ್‌ನಿಂದ ಬಳಕೆದಾರನವರೆಗೆ. ಅಂದರೆ ಕಂಪನಿಯ ಸ್ಥಳೀಯ ಯಂತ್ರದಿಂದ ನಿಮ್ಮ ಮನೆಯ ಬಾಕ್ಸ್ ತನಕದ ತುಣುಕು ಮಾತ್ರ. ಆ ನೋಡ್ ದಾಟಿ ಬೆಂಗಳೂರು, ಮುಂಬೈ, ಸಿಂಗಪುರದ ಕಡೆ ಹೋಗುವ ದಾರಿಗೆ ಈ ಎಂಬತ್ತು ಅನ್ವಯಿಸುವುದಿಲ್ಲ. ಗಿರಾಕಿ ಬಳಸುವುದು ಇಡೀ ದಾರಿಯನ್ನು. ನಿಯಮ ಕಾದದ್ದು ಮೊದಲ ತುಣುಕನ್ನು.

ಅದೇ ನಿಯಮಾವಳಿಯಲ್ಲಿ ಜನ ಅಷ್ಟಾಗಿ ಗಮನಿಸದ ಇನ್ನೊಂದು ಷರತ್ತಿತ್ತು. ದಟ್ಟಣೆಯ ಗಂಟೆಯಲ್ಲಿ ಕಂಪನಿಯ ಜಾಲವನ್ನು ಹೊರಲೋಕಕ್ಕೆ ಕಟ್ಟುವ ಮೇಲ್‌ಸಂಪರ್ಕದ ಬಳಕೆ ಶೇಕಡಾ 80 ಮೀರಬಾರದು. ನನ್ನ ತೀರ್ಮಾನದಲ್ಲಿ ಮನೆಯ ಅನುಭವವನ್ನು ನಿರ್ಧರಿಸುವುದು ಮೊದಲ ಷರತ್ತಿಗಿಂತ ಇದೇ. ಮೊದಲನೆಯದನ್ನು ಗಿರಾಕಿ ತಾನೇ ಅಳೆದು ನೋಡಬಹುದು. ಎರಡನೆಯದನ್ನು ಕಂಪನಿಯ ಕಂಪ್ಯೂಟರಿನ ಮುಂದೆ ಕೂತವರು ಮಾತ್ರ ನೋಡಬಲ್ಲರು. 2024ರ ಆಗಸ್ಟ್‌ನಲ್ಲಿ ಟ್ರಾಯ್ ಹಳೆಯ ಮೂರು ನಿಯಮಾವಳಿಗಳನ್ನು ಒಂದುಗೂಡಿಸಿತು. ಹೊಸದು ಆ ವರ್ಷದ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ.

ಕಂಪನಿಗಳು ಟ್ರಾಯ್‌ಗೆ ಒಪ್ಪಿಸುವ ಗುಣಮಟ್ಟದ ಲೆಕ್ಕಕ್ಕೆ ಘಟಕ ಸೇವಾ ವಲಯ, ನಮ್ಮ ಪಾಲಿಗೆ ಕರ್ನಾಟಕ ಸರ್ಕಲ್. ಕೋರಮಂಗಲದ ಅಪಾರ್ಟ್‌ಮೆಂಟೂ ಕಂಪ್ಲಿ ಕೋಟೆಯ ಓಣಿಯೂ ಒಂದೇ ಸರಾಸರಿಯೊಳಗೆ ಕರಗುತ್ತವೆ. ಸಂಪರ್ಕಗಳ ರಾಶಿ ರಾಜಧಾನಿಯ ಕಡೆ ಇರುವಾಗ ಆ ಸರಾಸರಿ ಹೇಳುವುದು ರಾಜಧಾನಿಯ ಸುದ್ದಿಯನ್ನೇ. ಟ್ರಾಯ್‌ನದೇ ಮೈಸ್ಪೀಡ್ ಆ್ಯಪ್ 2016ರಿಂದ ಇದೆ, ಆದರೆ ಅದು ಮುಖ್ಯವಾಗಿ ಮೊಬೈಲ್ ಡೇಟಾಕ್ಕೆ ಮಾಡಿದ್ದು. ಅಧಿಕಾರಿಗಳು ಗಾಡಿಯಲ್ಲಿ ಕೂತು ರಸ್ತೆಯುದ್ದಕ್ಕೂ ಮಾಡುವ ಡ್ರೈವ್ ಟೆಸ್ಟ್ ಕೂಡ ಮೊಬೈಲ್ ಜಾಲದ್ದೇ. ಗೋಡೆಯೊಳಗೆ ಬರುವ ಫೈಬರನ್ನು ರಸ್ತೆಯಿಂದ ಅಳೆಯಲು ಬರುವುದಿಲ್ಲ.

ತಂತಿಯ ಗಣಿತ

ಹಳೆಯ ಟೆಲಿಫೋನ್ ತಂತಿಯ ಕಾಲದಲ್ಲಿ ವೇಗ ಕಡಿಮೆಯಾಗಲು ದೂರವೇ ಕಾರಣವಾಗಿತ್ತು. ಬಿಎಸ್‌ಎನ್‌ಎಲ್ 2005ರಲ್ಲಿ ಡೇಟಾಒನ್ ಹೆಸರಿನಲ್ಲಿ ಬ್ರಾಡ್‌ಬ್ಯಾಂಡ್ ಶುರುಮಾಡಿದ ಮೇಲೆ ವರ್ಷಗಟ್ಟಲೆ ಮನೆಗಳಿಗೆ ಬಂದದ್ದು ತಾಮ್ರದ ಜೋಡಿ ತಂತಿ. ಎಡಿಎಸ್‌ಎಲ್2 ಪ್ಲಸ್ ಎಂಬ ತಂತ್ರದಲ್ಲಿ ಹಾಳೆಯ ಮೇಲೆ 24 ಎಂಬಿಪಿಎಸ್ ಸಾಧ್ಯ. ಎಕ್ಸ್‌ಚೇಂಜಿನಿಂದ ನಾಲ್ಕೈದು ಕಿ.ಮೀ. ಆಚೆ ಹೋದರೆ ಅದರಲ್ಲೊಂದು ಸಣ್ಣ ಪಾಲು. ‘ನಮ್ಮ ಮನಿ ಎಕ್ಸ್‌ಚೇಂಜಿಗೆ ದೂರ ಐತಿ, ಅದಕ್ಕ ಸ್ಲೋ’ ಎಂಬ ಮಾತು ಆಗ ಖರೆ. ಅದೇ ಮಾತನ್ನು ಈಗ ಫೈಬರಿಗೂ ಹೇಳುವುದು ಕೇಳಿಬರುತ್ತದೆ. ಇಲ್ಲಿ ಅದು ಸಲ್ಲದು. ಗಾಜಿನ ಎಳೆಯಲ್ಲಿ ಪ್ಲಾನಿನ ವೇಗವನ್ನು ಕಟ್ಟುವುದು ತಂತ್ರಾಂಶ. ನಿಮ್ಮ ಖಾತೆಗೆ 100 ಎಂದು ಬರೆದರೆ 100, 300 ಎಂದು ಬರೆದರೆ 300. ಬೆಳಕು ದುರ್ಬಲವಾದರೆ ವೇಗ ಮೆಲ್ಲಗೆ ಇಳಿಯುವುದು ಕಡಿಮೆ. ಸಂಪರ್ಕ ತಡವರಿಸುತ್ತದೆ, ಆಮೇಲೆ ಬಾಕ್ಸ್ ಮೇಲೆ ಕೆಂಪು ದೀಪ.

ಮನೆಗಳಿಗೆ ಫೈಬರ್ ಹಂಚುವ ಸಾಮಾನ್ಯ ಕ್ರಮ ಜಿಪಾನ್. ಕಂಪನಿಯ ಓಎಲ್‌ಟಿ ಎಂಬ ಯಂತ್ರದ ಒಂದು ಪೋರ್ಟ್‌ನಿಂದ ಹೊರಟ ಎಳೆ ದಾರಿಯಲ್ಲಿ ಸ್ಪ್ಲಿಟರ್ ಎಂಬ ಪುಟ್ಟ ಕವಲುಗಳ ಮೂಲಕ 32 ಅಥವಾ 64 ಮನೆಗಳಿಗೆ ಒಡೆಯುತ್ತದೆ. ಆ ಪೋರ್ಟಿನ ಒಟ್ಟು ಸಾಮರ್ಥ್ಯ ಇಳಿಮುಖವಾಗಿ ಸುಮಾರು 2.5 ಜಿಬಿಪಿಎಸ್, ಏರುಮುಖವಾಗಿ ಸುಮಾರು 1.25. ಅರವತ್ನಾಲ್ಕು ಮನೆಗೂ ನೂರರ ಪ್ಲಾನ್ ಮಾರಿದರೆ ಮಾತು ಕೊಟ್ಟದ್ದು 6,400 ಎಂಬಿಪಿಎಸ್, ಕೈಯಲ್ಲಿರುವುದು 2,500. ಇದನ್ನು ಕಂಡ ಕೂಡಲೇ ವಂಚನೆ ಎನ್ನಬಾರದು. ಹೈ ಡೆಫಿನಿಷನ್ ಸಿನಿಮಾ ನೋಡಲು 5 ಎಂಬಿಪಿಎಸ್ ಸಾಕು; ಅಷ್ಟೂ ಮನೆಯವರು ಒಟ್ಟಿಗೆ ಸಿನಿಮಾ ಹಾಕಿದರೂ 320. ಊರಿನ ಎಲ್ಲರೂ ಒಂದೇ ಗಳಿಗೆಯಲ್ಲಿ ನಲ್ಲಿ ತಿರುಗಿಸುವುದಿಲ್ಲ ಎಂಬ ನಂಬಿಕೆಯ ಮೇಲೆ ನೀರಿನ ಟ್ಯಾಂಕ್ ಕಟ್ಟಿದ ಹಾಗೆ, ಹಂಚಿಕೆಯ ಜಾಲಗಳೆಲ್ಲ ಹೀಗೇ ಕಟ್ಟಿದವು.

ತೊಡಕು ಇರುವುದು ಒಂದು ಮೆಟ್ಟಿಲು ಮೇಲೆ. ಎಂಟು ಪೋರ್ಟಿನ ಒಂದು ಓಎಲ್‌ಟಿ ಪೂರ್ತಿ ತುಂಬಿದರೆ 512 ಮನೆ. ಆ ಯಂತ್ರವನ್ನು ಹೊರಲೋಕಕ್ಕೆ ಕಟ್ಟಿದ ಸಂಪರ್ಕ 10 ಜಿಬಿಪಿಎಸ್ ಆಗಿದ್ದರೆ ಮನೆಯೊಂದಕ್ಕೆ ಏಕಕಾಲದ ಪಾಲು ಸುಮಾರು 20 ಎಂಬಿಪಿಎಸ್, ಬೇಕಾದಷ್ಟಾಯಿತು. ಅದೇ 1 ಜಿಬಿಪಿಎಸ್ ಆಗಿದ್ದರೆ ಪಾಲು 2 ಎಂಬಿಪಿಎಸ್‌ಗೂ ಕಡಿಮೆ. ಇಂಥ ಎರಡು ಊರಿನಲ್ಲೂ ಬಾಕ್ಸ್ ಅದೇ, ಪ್ಲಾನ್ ಅದೇ, ಬೆಳಿಗ್ಗೆ ಐದಕ್ಕೆ ಮಾಡಿದ ಸ್ಪೀಡ್ ಟೆಸ್ಟೂ ಅದೇ. ವ್ಯತ್ಯಾಸ ಕಾಣುವುದು ರಾತ್ರಿ ಒಂಬತ್ತಕ್ಕೆ. 2025ರ ಜೂನ್ 3ರಂದು ಆರ್‌ಸಿಬಿ ಕೊನೆಗೂ ಕಪ್ ಎತ್ತಿದ ರಾತ್ರಿಯಂಥ ಹೊತ್ತಿಗೆ ಯಾರ ಮೇಲ್‌ಸಂಪರ್ಕ ಎಷ್ಟು ಅಗಲ ಎಂಬುದು ಓಣಿ ಓಣಿಗೂ ತಿಳಿಯುತ್ತದೆ. ಸಣ್ಣ ಕೇಬಲ್ ಆಪರೇಟರ್‌ಗಳು ಬೆಲೆ ಕಡಿಮೆ ಎಂದು ಬಳಸುವ ಇಪಾನ್ ಯಂತ್ರಗಳಲ್ಲಿ ಪೋರ್ಟಿನ ಸಾಮರ್ಥ್ಯವೇ 1 ಜಿಬಿಪಿಎಸ್. ಅಲ್ಲಿ ದಟ್ಟಣೆ ಇನ್ನೂ ಬೇಗ ಹತ್ತಿರ ಬರುತ್ತದೆ.

ಹಳ್ಳಿಗಳಿಗೆ ಬಂದರೆ ಲೆಕ್ಕ ಇನ್ನೂ ಬಿಗಿ. 2011ರಲ್ಲಿ ಒಪ್ಪಿಗೆ ಪಡೆದು ಆಮೇಲೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆ ಪ್ರತಿ ಗ್ರಾಮ ಪಂಚಾಯಿತಿಗೆ ಕನಿಷ್ಠ 100 ಎಂಬಿಪಿಎಸ್ ಮುಟ್ಟಿಸುವ ಗುರಿ ಇಟ್ಟುಕೊಂಡಿತು. ಆ ಕಾಲಕ್ಕೆ ಅದು ದೊಡ್ಡ ಮಾತು. ಇವತ್ತು ಮೂವತ್ತರ ಪ್ಲಾನ್ ಹಾಕಿಸಿದ ಮೂರು ಮನೆಯವರು ಒಟ್ಟಿಗೆ ದೊಡ್ಡ ಫೈಲ್ ಇಳಿಸಿದರೆ ಆ ನೂರು ಹೆಚ್ಚುಕಡಿಮೆ ಮುಗಿಯಿತು. 2023ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಸುಮಾರು 1.39 ಲಕ್ಷ ಕೋಟಿ ರೂಪಾಯಿಯ ತಿದ್ದುಪಡಿ ಯೋಜನೆಯನ್ನು ಒಪ್ಪಿದ್ದರ ಹಿಂದೆ ಈ ಕೊರತೆಯೂ ಇತ್ತು.

ನೆಲದ ಪಾತ್ರ

ಸಂಡೂರು ಬೆಟ್ಟದ ಸಾಲುಗಳ ನಡುವಿನ ಕಣಿವೆ. ನಾರಿಹಳ್ಳ ಆ ಸಾಲುಗಳನ್ನು ಸೀಳಿದ ಭೀಮಗಂಡಿ, ಓಬಳಗಂಡಿಗಳನ್ನು ನೋಡಿದವರಿಗೆ ಇಲ್ಲಿ ದಾರಿ ಎಷ್ಟು ವಿರಳ ಎಂದು ಹೇಳಬೇಕಿಲ್ಲ. ಕೇಬಲ್ ಎಳೆಯುವವರು ರಸ್ತೆಯ ಬದಿ ಹಿಡಿಯುತ್ತಾರೆ. ರಸ್ತೆಗಳು ಕಡಿಮೆ ಇರುವಲ್ಲಿ ಕೇಬಲಿಗೂ ಬದಲಿ ದಾರಿ ಕಡಿಮೆ. ಅದೇ ರಸ್ತೆಯಲ್ಲಿ ಅದಿರು ಲಾರಿಗಳ ಸಾಲು, ಅದೇ ಬದಿಯಲ್ಲಿ ಅಗಲೀಕರಣದ ಜೆಸಿಬಿ. ‘ಫೈಬರ್ ಕಟ್ ಆಗೇತಿ’ ಎಂಬುದು ಈ ಸೀಮೆಯ ಎಲ್ಲ ಆಪರೇಟರ್‌ಗಳ ಬಾಯಲ್ಲಿರುವ ಮಾತು. ನೆಲ ಅಗೆಯುವ ಮೊದಲು ಕೇಬಲಿನ ಮಾಲೀಕರಿಗೆ ಸುದ್ದಿ ಮುಟ್ಟಿಸಲು ‘ಕಾಲ್ ಬಿಫೋರ್ ಯು ಡಿಗ್’ ಎಂಬ ಸರ್ಕಾರಿ ಆ್ಯಪ್ 2023ರ ಮಾರ್ಚ್‌ನಲ್ಲಿ ಬಂತು. ಜೆಸಿಬಿ ಓಡಿಸುವವನ ಫೋನಿಗೂ ಅದು ಬರಬೇಕಷ್ಟೆ.

ಎರಡು ದಾರಿಯಲ್ಲಿ ಸುತ್ತಿ ಬರುವ ಉಂಗುರದಂಥ ಜಾಲವಿದ್ದರೆ ಒಂದು ಕಡೆ ಕಡಿದರೂ ಇನ್ನೊಂದು ಕಡೆಯಿಂದ ಸಂಚಾರ ಸಾಗುತ್ತದೆ. ಆದರೆ ಎರಡು ದಾರಿಯ ಹೊರೆ ಒಂದೇ ದಾರಿಗೆ ಬೀಳುವುದರಿಂದ ಆ ದಿನ ವೇಗ ಕುಸಿಯಬಹುದು. ಒಂಟಿ ದಾರಿಯ ಊರಿನಲ್ಲಿ ಕುಸಿತವಿಲ್ಲ, ಪೂರಾ ಬಂದ್. ವೇಗದ ಸರಾಸರಿ ತೆಗೆಯುವಾಗ ಬಂದ್ ಆದ ದಿನಗಳನ್ನು ಸೊನ್ನೆ ಎಂದು ಸೇರಿಸಬೇಕೋ, ಅಳತೆಯೇ ಇಲ್ಲವೆಂದು ಬಿಡಬೇಕೋ? ಬಿಟ್ಟರೆ ಸಂಡೂರಿನ ಲೆಕ್ಕ ಅಂದವಾಗಿ ಕಾಣುತ್ತದೆ, ಸಂಡೂರಿನವರಿಗೆ ಕಾಣದಷ್ಟು ಅಂದವಾಗಿ. ಸೇರಿಸಬೇಕು ಎಂಬುದು ನನ್ನ ನಿಲುವು.

ಜಿಲ್ಲೆಯ ಮಾತು ಇಲ್ಲಿ ಬರುತ್ತದೆ. 2024ರ ನಿಯಮಗಳಲ್ಲಿ, ಒಂದು ಜಿಲ್ಲೆಯಲ್ಲಿ 24 ಗಂಟೆಗೂ ಮೀರಿ ಗಣನೀಯವಾಗಿ ಸೇವೆ ನಿಂತರೆ ಚಂದಾದಾರರಿಗೆ ಬಾಡಿಗೆಯಲ್ಲಿ ಕಡಿತ ಅಥವಾ ಅವಧಿ ವಿಸ್ತರಣೆ ಕೊಡಬೇಕೆಂಬ ಏರ್ಪಾಡಿದೆ. ಒಳ್ಳೆಯದೇ. ಆದರೆ ಹೊಸಪೇಟೆ ಕಡೆಯಿಂದ ಬರುವ ಒಂದು ಕೇಬಲ್ ಕಡಿದು ಸಂಡೂರು, ಕಂಪ್ಲಿ ಎರಡೂ ನಿಂತರೂ, ಬಳ್ಳಾರಿ ಜಿಲ್ಲೆಯ ಮಟ್ಟಿಗೆ ಅದು ಎರಡು ತಾಲ್ಲೂಕಿನ ಅಡಚಣೆ, ವಿಜಯನಗರ ಜಿಲ್ಲೆಯ ಮಟ್ಟಿಗೆ ಏನೂ ಅಲ್ಲ. ಕೇಬಲ್ ಹೋಗುವ ದಾರಿಗೆ ಜಿಲ್ಲೆಯ ಗಡಿ ಗೊತ್ತಿಲ್ಲ. ಪರಿಹಾರದ ಲೆಕ್ಕಕ್ಕೆ ಅದೇ ಅಳತೆಗೋಲು.

ಕಂಪ್ಲಿಯದು ನದಿಯ ಕಥೆ. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟ ಮಳೆಗಾಲಗಳಲ್ಲಿ ಕಂಪ್ಲಿ–ಗಂಗಾವತಿ ಸೇತುವೆ ಮುಳುಗುವುದು ಅಲ್ಲಿನವರಿಗೆ ವಾಡಿಕೆಯ ಸುದ್ದಿ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ನದಿಪಾತ್ರದ ಊರುಗಳೆಲ್ಲ ಎಚ್ಚರದಲ್ಲಿದ್ದವು. ಗಾಜಿನ ಎಳೆಗೆ ನೀರು ನೇರ ಶತ್ರುವಲ್ಲ. ಜಾಯಿಂಟ್ ಬಾಕ್ಸಿಗೆ ನೀರು ಹೊಕ್ಕರೆ, ಕಂಬ ವಾಲಿದರೆ, ಕರೆಂಟ್ ಹೋಗಿ ಓಎಲ್‌ಟಿಯ ಬ್ಯಾಟರಿ ಬರಿದಾದರೆ ಮಾತು ಬೇರೆ. ಪೇಟೆಯೊಳಗೆ ಮನೆಮನೆಗೆ ಬರುವ ಕೊನೆಯ ಕೇಬಲ್ ಹೆಚ್ಚಾಗಿ ವಿದ್ಯುತ್ ಕಂಬದಿಂದ ಕಂಬಕ್ಕೆ ನೇತಾಡುತ್ತದೆ. ಬೆಳಕಿನ ಲೆಕ್ಕ ಎಷ್ಟು ಬಿಗಿ ಎಂಬುದಕ್ಕೆ ಒಂದು ಉದಾಹರಣೆ: ಜಿಪಾನ್‌ನ ಸಾಮಾನ್ಯ ವರ್ಗದ ಯಂತ್ರಕ್ಕೆ ದಾರಿಯಲ್ಲಿ ಕಳೆದುಕೊಳ್ಳಲು 28 ಡೆಸಿಬೆಲ್ ಅವಕಾಶ. ಅರವತ್ನಾಲ್ಕಾಗಿ ಒಡೆಯುವುದರಲ್ಲೇ ಇಪ್ಪತ್ತು ಹೋಗುತ್ತದೆ. ಹತ್ತು ಕಿ.ಮೀ. ಎಳೆಗೆ ಮೂರೂವರೆ, ನಾಲ್ಕಾರು ಕನೆಕ್ಟರ್‌ಗಳಿಗೆ ಎರಡು. ಉಳಿದದ್ದು ಎರಡು, ಎರಡೂವರೆ. ಕಂಬದ ಮೇಲೆ ಯಾರೋ ಕೇಬಲನ್ನು ಮೊಣಕೈಯಂತೆ ಮಡಚಿ ಕಟ್ಟಿದರೆ ಅದೂ ಹೋಯಿತು.

ಹಂಪಿಯಲ್ಲಿ ತೊಡಕಿನ ಬಗೆಯೇ ಬೇರೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ತಾಣವಿದು. 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲೂ ಇತ್ತು. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ ಎಂಬುದು ಸ್ಮಾರಕ ಕಾಯಿದೆಯ 2010ರ ತಿದ್ದುಪಡಿ. ಮೇಲೆ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಅನುಮತಿ. ಸ್ಮಾರಕಗಳು ಹೆಜ್ಜೆಗೊಂದು ಇರುವಲ್ಲಿ ಈ ವೃತ್ತಗಳು ಒಂದರ ಮೇಲೊಂದು ಬೀಳುತ್ತವೆ. ಹೊಸ ಟವರ್ ನಿಲ್ಲಿಸುವುದು, ಡಕ್ಟ್ ಹೂಳಲು ನೆಲ ಅಗೆಯುವುದು ಬೇರೆ ಊರಿನಷ್ಟು ಸಲೀಸಲ್ಲ, ಆಗಲೂಬಾರದು. ಹಾಗಾಗಿ 2023ರಲ್ಲಿ ಜಿಯೋ, ಏರ್‌ಟೆಲ್ ಎರಡೂ ಶುರುಮಾಡಿದ ಏರ್‌ಫೈಬರ್ ಮಾದರಿಯ ಸೇವೆ ಇಂಥ ಊರಿಗೆ ಹೇಳಿಮಾಡಿಸಿದಂತೆ ಕಾಣುತ್ತದೆ: ಅಗೆತವಿಲ್ಲ, ಚಾವಣಿಯ ಮೇಲೊಂದು ಪೆಟ್ಟಿಗೆ ಸಾಕು. ಆದರೆ ಅದರ ವೇಗ ನಿಂತಿರುವುದು 5ಜಿ ಟವರಿನ ಮೇಲೆ. ನಡುವೆ ಬಂಡೆಗುಡ್ಡ ಬಂದರೆ ಸಿಗ್ನಲ್ ಸೊರಗುತ್ತದೆ, ಮತ್ತು ಹಂಪಿಯಲ್ಲಿ ಬಂಡೆಗುಡ್ಡ ಬಾರದ ದಿಕ್ಕನ್ನು ಹುಡುಕಬೇಕು. ಹಂಪಿ ಉತ್ಸವದಂಥ ಜನಸಂದಣಿಯ ದಿನ ಅದೇ ಟವರಿಗೆ ಸಾವಿರಾರು ಫೋನ್‌ಗಳೂ ಜೋತುಬೀಳುತ್ತವೆ. ಏರ್‌ಫೈಬರಿನ 100 ಎಂಬಿಪಿಎಸ್ಸನ್ನೂ ಫೈಬರಿನ 100 ಎಂಬಿಪಿಎಸ್ಸನ್ನೂ ಜಾಹೀರಾತಿನಲ್ಲಿ ಒಂದೇ ಅಕ್ಷರದಲ್ಲಿ ಬರೆಯುವುದು ಸರಿಯಲ್ಲ.

ವಿರೂಪಾಕ್ಷ ಗುಡಿಯ ಬಳಿಯ ಜನತಾ ಪ್ಲಾಟ್‌ನಂಥ ಕಡೆ ಇನ್ನೊಂದು ವಿಷಯವಿದೆ. ಹೋಮ್‌ಸ್ಟೇಗಳಲ್ಲಿ ಮನೆಯ ಪ್ಲಾನ್ ಒಂದನ್ನು ಹತ್ತು ಕೋಣೆಯ ಅತಿಥಿಗಳು ಹಂಚಿಕೊಂಡರೆ ನೂರು ಹತ್ತಾಗುತ್ತದೆ. ಇದು ಕಂಪನಿಯ ಕೊರತೆಯಲ್ಲ, ಭಾಗಾಕಾರ. ಕೋತಿಗಳ ಮಾತನ್ನೂ ನಗೆಗೆ ಬಿಡುವಂತಿಲ್ಲ: 2015ರಲ್ಲಿ ವಾರಾಣಸಿಯ ಗಂಗೆಯ ದಂಡೆಯಲ್ಲಿ ಕೋತಿಗಳು ಫೈಬರ್ ಕೇಬಲ್ ಕಚ್ಚಿಹಾಕಿದ್ದು ದೊಡ್ಡ ಸುದ್ದಿಯಾಗಿತ್ತು. ಕೋತಿಗಳ ಸಂಖ್ಯೆಯಲ್ಲಿ ಹಂಪಿ ಯಾವ ತೀರ್ಥಕ್ಷೇತ್ರಕ್ಕೂ ಕಡಿಮೆಯಲ್ಲ.

ಬಾಗಿಲ ಒಳಗೆ

‘ಇಪ್ಪತ್ತೂ ಬರವಲ್ದು’ ಎನ್ನುವವರು ಬಹುಪಾಲು ಅಳೆದದ್ದು ಫೋನಿನಲ್ಲಿ, ವೈಫೈ ಮೇಲೆ. ಅಲ್ಲಿ ಕಾಣುವುದು ಪ್ಲಾನಿನ ವೇಗವಲ್ಲ, ಗೋಡೆಯ ದಪ್ಪ. ಹಳೆಯ ಹೊಸಪೇಟೆಯಲ್ಲಿ, ಕಂಪ್ಲಿಯಲ್ಲಿ ಕಲ್ಲುಗೋಡೆಯ ಮಾಳಿಗೆ ಮನೆಗಳು ಇನ್ನೂ ಉಳಿದಿವೆ. 5 ಗಿಗಾಹರ್ಟ್ಸ್ ವೈಫೈ ವೇಗದ್ದು, ಆದರೆ ಅಂಥ ಒಂದು ಗೋಡೆ ದಾಟುವಷ್ಟರಲ್ಲಿ ಸುಸ್ತಾಗುತ್ತದೆ. 2.4 ಗಿಗಾಹರ್ಟ್ಸ್ ದಾಟುತ್ತದೆ, ಆದರೆ ಅಕ್ಕಪಕ್ಕದ ಎಲ್ಲ ಮನೆಯ ರೂಟರ್‌ಗಳೂ ಅದೇ ಕಿರಿದಾದ ಹಾದಿಯಲ್ಲಿ ನುಗ್ಗುತ್ತಿರುತ್ತವೆ. ಒಂದೇ ಆ್ಯಂಟೆನಾದ ಅಗ್ಗದ ಫೋನು ಆ ಹಾದಿಯಲ್ಲಿ ಕಾಗದದ ಮೇಲೆ 72 ಎಂಬಿಪಿಎಸ್ ಪಡೆಯಬಹುದು. ಕೈಗೆ ಸಿಗುವುದು ಅದರ ಅರ್ಧದ ಆಸುಪಾಸು. ಆ ಫೋನ್ ಹಿಡಿದವರು ಪ್ಲಾನನ್ನು 100ರಿಂದ 300ಕ್ಕೆ ಏರಿಸಿದರೆ ಬದಲಾಗುವುದು ಬಿಲ್ಲು ಮಾತ್ರ.

ಇನ್ನೊಂದು ಬಾಗಿಲು ರೂಟರಿನ ಹಿಂದಿನ ಕಿಂಡಿ. ಹಳೆಯ, ಅಗ್ಗದ ಬಾಕ್ಸ್‌ಗಳ ಈಥರ್‌ನೆಟ್ ಪೋರ್ಟ್ 100 ಎಂಬಿಪಿಎಸ್‌ನದು. ಒಳಲೆಕ್ಕ ಕಳೆದು ಅದರಿಂದ ಹೊರಬರುವುದು ಹೆಚ್ಚೆಂದರೆ 94, 95. ಇನ್ನೂರರ ಪ್ಲಾನಿಗೆ ಅಂಥ ಬಾಕ್ಸ್ ಕೊಟ್ಟಿದ್ದರೆ ಆ ತಂತಿಯಲ್ಲಿ ಶೇಕಡಾ 80ರ ನಿಯಮ ಒಂದು ದಿನವೂ ಈಡೇರದು. ಬಾಕ್ಸ್ ಕಂಪನಿಯದೇ ಆಗಿದ್ದರೆ ಈ ಕೊರತೆಯನ್ನು ಗಿರಾಕಿಯ ಮೇಲೆ ಹಾಕುವುದು ನ್ಯಾಯವಲ್ಲ. ಒಪ್ಪಂದ ಮುರಿಯಿತು ಎಂದು ನಿಸ್ಸಂದೇಹವಾಗಿ ಹೇಳಬಹುದಾದ ಪ್ರಸಂಗ ಇದು. ಆದರೆ ಯಾರೂ ದೂರುವುದು ಇದನ್ನಲ್ಲ.

ಡೌನ್‌ಲೋಡ್ ಪಟ್ಟಿಯಲ್ಲಿ ಸೆಕೆಂಡಿಗೆ 12 ಎಂಬಿ ಎಂದು ಕಂಡು ಸಿಟ್ಟಾಗುವವರೂ ಇದ್ದಾರೆ. ಅಲ್ಲಿರುವುದು ಮೆಗಾಬೈಟ್, ಪ್ಲಾನಿನಲ್ಲಿರುವುದು ಮೆಗಾಬಿಟ್. ಎಂಟರಿಂದ ಗುಣಿಸಿದರೆ 96. ಅವರಿಗೆ ಬರಬೇಕಾದ್ದು ಬರುತ್ತಿದೆ.

ಅಳೆಯುವ ಕ್ರಮ

ಸ್ಪೀಡ್ ಟೆಸ್ಟ್ ಆ್ಯಪ್ ತೆರೆದಾಗ ಅದು ಸಾಮಾನ್ಯವಾಗಿ ಹತ್ತಿರದ ಸರ್ವರ್ ಆರಿಸುತ್ತದೆ. ಹತ್ತಿರದ್ದೆಂದರೆ ಎಷ್ಟೋ ಸಲ ಅದೇ ಕಂಪನಿಯ ಜಾಲದೊಳಗೇ ಇಟ್ಟದ್ದು. ಆಗ ಅಳತೆ ಕಂಪನಿಯ ಅಂಗಳ ದಾಟುವುದೇ ಇಲ್ಲ; ಮೇಲೆ ಹೇಳಿದ ಮೇಲ್‌ಸಂಪರ್ಕದ ಇಕ್ಕಟ್ಟು ಕಾಣಿಸುವುದೇ ಇಲ್ಲ. ಯೂಟ್ಯೂಬ್, ನೆಟ್‌ಫ್ಲಿಕ್ಸ್‌ನವರು ತಮ್ಮ ವಿಡಿಯೊಗಳ ಪ್ರತಿ ಇಟ್ಟುಕೊಳ್ಳುವ ಕ್ಯಾಶ್ ಯಂತ್ರಗಳನ್ನು ಕಂಪನಿಗಳ ಜಾಲದೊಳಗೇ ಇಟ್ಟಿರುವುದರಿಂದ ಅವೂ ಸರಾಗ. ‘ಯೂಟ್ಯೂಬ್ ಓಡ್ತೈತಿ, ಆಫೀಸಿನ ವಿಪಿಎನ್ ಓಡವಲ್ದು’ ಎಂಬ ದೂರಿನ ಗುಟ್ಟು ಇಲ್ಲಿದೆ. ಮತ್ತೊಂದು ವ್ಯತ್ಯಾಸ: ಕೆಲವು ಪರೀಕ್ಷೆಗಳು ಒಮ್ಮೆಗೇ ಹಲವು ಧಾರೆ ತೆರೆದು ಅಳೆಯುತ್ತವೆ, ಎಂ–ಲ್ಯಾಬ್‌ನಂಥವು ಒಂದೇ ಧಾರೆಯಲ್ಲಿ. ಒಂದೇ ಸಂಪರ್ಕದ ಮೇಲೆ ಎರಡೂ ಬೇರೆಬೇರೆ ಸಂಖ್ಯೆ ಕೊಟ್ಟರೆ ಎರಡೂ ಸುಳ್ಳಲ್ಲ.

ಆದ್ದರಿಂದ ನಂಬಬಹುದಾದ ಅಳತೆ ಹೀಗಿರಬೇಕು. ಬಾಕ್ಸಿಗೆ ನೇರವಾಗಿ ಕೇಬಲ್ ಚುಚ್ಚಿದ, ಗಿಗಾಬಿಟ್ ಪೋರ್ಟಿನ ಲ್ಯಾಪ್‌ಟಾಪ್. ಮನೆಯ ಟಿವಿ, ಫೋನ್‌ಗಳೆಲ್ಲ ಆ ಹೊತ್ತಿಗೆ ಸುಮ್ಮನೆ. ಒಮ್ಮೆ ಕಂಪನಿಯದೇ ಸರ್ವರಿಗೆ, ಕೂಡಲೇ ಇನ್ನೊಮ್ಮೆ ಬೆಂಗಳೂರಿನಲ್ಲಿರುವ ಬೇರೆಯವರ ಸರ್ವರಿಗೆ. ನಸುಕಿನಲ್ಲೊಮ್ಮೆ, ರಾತ್ರಿ ಎಂಟರಿಂದ ಹತ್ತರ ನಡುವೆ ಒಮ್ಮೆ, ಒಂದೆರಡು ವಾರ ಬಿಡದೆ. ನಸುಕಿನಲ್ಲಿ ಎರಡು ಸರ್ವರಿಗೂ ಕಡಿಮೆ ಬಂದರೆ ದೋಷ ತಂತಿಯಲ್ಲೋ ಬಾಕ್ಸಿನಲ್ಲೋ ಖಾತೆಯ ಪ್ರೊಫೈಲಿನಲ್ಲೋ ಇದೆ. ನಸುಕಿನಲ್ಲಿ ಸರಿಯಿದ್ದು ರಾತ್ರಿ ಎರಡೂ ಕುಸಿದರೆ ಸ್ಥಳೀಯ ಹಂಚಿಕೆ ಕಿಕ್ಕಿರಿದಿದೆ. ಕಂಪನಿಯ ಸರ್ವರಿಗೆ ಸರಿಯಿದ್ದು ಹೊರಗಿನದಕ್ಕೆ ಮಾತ್ರ ಕುಸಿದರೆ ಮೇಲ್‌ದಾರಿ ಕಿರಿದು. ಇಷ್ಟು ಸಾಧಾರಣ ಪರೀಕ್ಷೆಯಿಂದ ದೋಷದ ಮನೆ ಗೊತ್ತಾಗುತ್ತದೆ. ವಿಳಂಬವನ್ನೂ ಬರೆದಿಟ್ಟುಕೊಳ್ಳಬೇಕು: ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿ.ಮೀ. ಓಡುತ್ತದೆ, ಹೊಸಪೇಟೆಯಿಂದ ಬೆಂಗಳೂರಿಗೆ ರಸ್ತೆ ಹಿಡಿದರೂ ಸುಮಾರು 340 ಕಿ.ಮೀ. ಹೋಗಿ ಬರಲು ನಾಲ್ಕು ಮಿಲಿಸೆಕೆಂಡೂ ಬೇಡ. ಯಂತ್ರಗಳ ಸಮಯ ಸೇರಿಸಿದರೂ ಹತ್ತು, ಹದಿನೈದು. ಅದು ಎಪ್ಪತ್ತು, ಎಂಬತ್ತು ತೋರಿಸಿದರೆ ನಿಮ್ಮ ಡೇಟಾ ಚೆನ್ನೈಗೋ ಮುಂಬೈಗೋ ಸುತ್ತು ಹಾಕುತ್ತಿದೆ, ಇಲ್ಲವೇ ಎಲ್ಲೋ ಸರದಿಯಲ್ಲಿ ನಿಂತಿದೆ.

ದೊಡ್ಡ ಸಂಖ್ಯೆಯ ಬೆಲೆ

2020ರ ಆಗಸ್ಟ್‌ನಲ್ಲಿ ಜಿಯೋಫೈಬರ್ ಪ್ರಕಟಿಸಿದ ದರಗಳು ಈ ಮಾರುಕಟ್ಟೆಯ ಮೆಟ್ಟಿಲುಗಳನ್ನು ಗೊತ್ತುಮಾಡಿದವು: ತಿಂಗಳಿಗೆ 399 ರೂಪಾಯಿಗೆ 30 ಎಂಬಿಪಿಎಸ್, 699ಕ್ಕೆ 100, 999ಕ್ಕೆ 150, 1,499ಕ್ಕೆ 300, ಮೇಲೆ ಜಿಎಸ್‌ಟಿ. ಬಿಎಸ್‌ಎನ್‌ಎಲ್ ಅದೇ ವರ್ಷ 449ಕ್ಕೆ 30 ಎಂಬಿಪಿಎಸ್, 3,300 ಜಿಬಿ ದಾಟಿದ ಮೇಲೆ 2 ಎಂಬಿಪಿಎಸ್ ಎಂದಿತು. ಮೆಟ್ಟಿಲು ಏರಿದಂತೆ ಪ್ರತಿ ಎಂಬಿಪಿಎಸ್‌ನ ಬೆಲೆ 13 ರೂಪಾಯಿಯಿಂದ 5ಕ್ಕೆ ಇಳಿಯುತ್ತದೆ. ಗಿರಾಕಿಯ ಕಣ್ಣು ಮೇಲಿನ ಮೆಟ್ಟಿಲ ಮೇಲೆ ಬೀಳಲಿ ಎಂದೇ ಇದು.

3,300 ಜಿಬಿಯ ಮಿತಿಯನ್ನು ಈ ವೇಗಗಳ ಪಕ್ಕ ಇಟ್ಟು ನೋಡಿ. ಮೂವತ್ತರ ಪ್ಲಾನನ್ನು ಪೂರ್ಣ ವೇಗದಲ್ಲಿ ಓಡಿಸಿದರೆ ಅದು ಹತ್ತು ದಿನ ಬರುತ್ತದೆ. ಮುನ್ನೂರರದನ್ನು ಓಡಿಸಿದರೆ ಇಪ್ಪತ್ನಾಲ್ಕೂವರೆ ಗಂಟೆ. ತಿಂಗಳಿಡೀ ಹಂಚಿದರೆ ಎರಡೂ ಪ್ಲಾನಿನಲ್ಲಿ ನಿರಂತರವಾಗಿ ಸಿಗುವುದು 10 ಎಂಬಿಪಿಎಸ್ ಮಾತ್ರ. ಸಾಮಾನ್ಯ ಕುಟುಂಬ ಆ ಮಿತಿಯ ಹತ್ತಿರವೂ ಹೋಗುವುದಿಲ್ಲ ಎಂಬುದು ನಿಜ. ಒಂದು ಟಿವಿ ಹಗಲಿರುಳು ಸಿನಿಮಾ ತೋರಿಸಿದರೂ ತಿಂಗಳಿಗೆ ಸಾವಿರದ ಆರುನೂರು ಜಿಬಿಯ ಆಸುಪಾಸು. ಹಾಗಿದ್ದರೆ ಅಂಥ ಕುಟುಂಬಕ್ಕೆ ಮುನ್ನೂರೂ ಬೇಕಿರಲಿಲ್ಲ ಎಂಬುದೂ ಅದೇ ಲೆಕ್ಕದಿಂದ ಹೊರಡುತ್ತದೆ. ಮಿತಿ ದಾಟಿದ ಮೇಲಿನ ವೇಗ ಎಷ್ಟೆಂದು ಮುಂಚೆಯೇ ಹೇಳಬೇಕು, ಅದು 512 ಕೆಬಿಪಿಎಸ್‌ಗಿಂತ ಕಡಿಮೆ ಇರಬಾರದು ಎಂದು 2016ರಲ್ಲಿ ಟ್ರಾಯ್ ನಿರ್ದೇಶನ ಕೊಟ್ಟಿತು. ಷರತ್ತುಗಳ ಪಟ್ಟಿ ಓದುವವರಿಗೆ ಅದು ಸಿಗುತ್ತದೆ.

ಬೇರೆ ದೇಶಗಳು ಈ ಪ್ರಶ್ನೆಯನ್ನು ಹೇಗೆ ಬಗೆಹರಿಸಿಕೊಂಡವು ಎಂಬುದು ನಮಗೆ ಉಪಯೋಗದ್ದು. ಬ್ರಿಟನ್ನಿನಲ್ಲಿ ಹಿಂದೆ ಹತ್ತರಲ್ಲಿ ಒಬ್ಬ ಗಿರಾಕಿಗೆ ಸಿಕ್ಕರೂ ಆ ವೇಗವನ್ನು ‘ಇಷ್ಟರವರೆಗೆ’ ಎಂದು ಜಾಹೀರಾತಿನಲ್ಲಿ ಹಾಕಬಹುದಿತ್ತು. 2018ರ ಮೇ 23ರಿಂದ ರಾತ್ರಿ ಎಂಟರಿಂದ ಹತ್ತರ ದಟ್ಟಣೆಯಲ್ಲಿ ಕನಿಷ್ಠ ಅರ್ಧದಷ್ಟು ಗಿರಾಕಿಗಳಿಗೆ ಸಿಗುವ ಸರಾಸರಿಯನ್ನೇ ಹಾಕಬೇಕಾಯಿತು. ಅಲ್ಲಿನ ನಿಯಂತ್ರಕ ಸಂಸ್ಥೆ ಆಫ್‌ಕಾಮ್‌ನ ಸಂಹಿತೆಗೆ ಸಹಿ ಹಾಕಿದ ಕಂಪನಿಗಳಲ್ಲಿ, ಖಾತರಿ ಕೊಟ್ಟ ಕನಿಷ್ಠ ವೇಗ ಬಾರದೆ ಒಂದು ತಿಂಗಳೊಳಗೆ ಸರಿಮಾಡದಿದ್ದರೆ ಗಿರಾಕಿ ದಂಡವಿಲ್ಲದೆ ಬಿಟ್ಟುಹೋಗಬಹುದು. ಅಮೆರಿಕದಲ್ಲಿ 2011ರಿಂದ ಸ್ವಯಂಸೇವಕರ ಮನೆಗಳಲ್ಲಿ ಪುಟ್ಟ ಅಳತೆ ಯಂತ್ರಗಳನ್ನಿಟ್ಟು ವರದಿ ಪ್ರಕಟಿಸಿದರು. 2024ರಿಂದ ಪ್ಲಾನ್‌ಗಳಿಗೆ ಪೊಟ್ಟಣದ ಮೇಲಿನ ಪೋಷಕಾಂಶ ಪಟ್ಟಿಯಂಥ ಲೇಬಲ್ ಕಡ್ಡಾಯ. ಎಲ್ಲ ಕಡೆಯೂ ಮಾಡಿದ್ದು ಒಂದೇ ಕೆಲಸ: ಸಂಖ್ಯೆಗೆ ಹೊತ್ತನ್ನು ಕಟ್ಟಿದರು.

ಇಲ್ಲಿನ ಗಿರಾಕಿಗೆ ದಾರಿಗಳು ಇಲ್ಲದಿಲ್ಲ. 2012ರ ದೂರು ಪರಿಹಾರ ನಿಯಮಗಳ ಪ್ರಕಾರ ಮೊದಲು ಕಂಪನಿಯ ದೂರು ಕೇಂದ್ರ, ಅಲ್ಲಿ ಡಾಕೆಟ್ ಸಂಖ್ಯೆ ಪಡೆಯಬೇಕು. ಪರಿಹಾರ ಒಪ್ಪಿಗೆಯಾಗದಿದ್ದರೆ ಕಂಪನಿಯದೇ ಮೇಲ್ಮನವಿ ಪ್ರಾಧಿಕಾರ, ಅದು 39 ದಿನದೊಳಗೆ ತೀರ್ಮಾನಿಸಬೇಕು. ದೂರವಾಣಿ ಸೇವೆಯ ವ್ಯಾಜ್ಯ ಗ್ರಾಹಕ ಆಯೋಗದ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರವರಿ 16ರಂದು ಸ್ಪಷ್ಟಪಡಿಸಿದೆ. ಆದರೆ ಫೋನಿನ ವೈಫೈಯಲ್ಲಿ ತೆಗೆದ ಒಂದು ಸ್ಕ್ರೀನ್‌ಶಾಟ್ ಅಲ್ಲಿ ನಿಲ್ಲುವುದು ಕಷ್ಟ. ಕೇಬಲ್ ಚುಚ್ಚಿ, ದಿನಾಂಕ ಗಂಟೆ ಸಮೇತ ಬರೆದಿಟ್ಟ ಎರಡು ವಾರದ ಪಟ್ಟಿ ನಿಲ್ಲುತ್ತದೆ. ಬಿಎಸ್‌ಎನ್‌ಎಲ್‌ನಂತೆ ಸ್ಥಳೀಯ ಪಾಲುದಾರರ ಮೂಲಕವೂ ಸಂಪರ್ಕ ಕೊಡುವ ಕಡೆ ದೂರು ಇಬ್ಬರ ನಡುವೆ ಅಲೆಯುವ ಅಪಾಯ ಇರುವುದರಿಂದ ಡಾಕೆಟ್ ಸಂಖ್ಯೆ ಕಂಪನಿಯದೇ ಇರಲಿ, ಲೈನ್‌ಮ್ಯಾನ್ ಬಾಯಿಮಾತಿನಲ್ಲಿ ಹೇಳಿದ್ದಲ್ಲ.

ಇಷ್ಟರ ಮೇಲೆ ಕೊಡಬಹುದಾದ ತೀರ್ಪು ಹೀಗೆ. ಫೈಬರ್ ಬಂದ ಮನೆಗಳಲ್ಲಿ ಪ್ಲಾನಿನ ಸಂಖ್ಯೆ ಓಎಲ್‌ಟಿಯಿಂದ ಬಾಕ್ಸಿನವರೆಗೆ, ದಟ್ಟಣೆಯಿಲ್ಲದ ಹೊತ್ತಿನಲ್ಲಿ, ಸುಳ್ಳಾಗಲು ತಾಂತ್ರಿಕ ಕಾರಣ ಕಡಿಮೆ. ಅದು ಸೋಲುವ ಜಾಗಗಳು ರಾತ್ರಿಯ ಮೇಲ್‌ಸಂಪರ್ಕ, ಒಂಟಿ ದಾರಿಯ ಕಡಿತ, ಹಳೆಯ ಬಾಕ್ಸ್, ಕಲ್ಲಿನ ಗೋಡೆ. ಮೊದಲ ಮೂರು ಕಂಪನಿಯ ಹೊಣೆ, ಕೊನೆಯದು ಮನೆಯವರದು. ಮೇಲಿನ ಪ್ಲಾನಿಗೆ ಏರಿದರೆ ಈ ನಾಲ್ಕರಲ್ಲಿ ಯಾವುದೂ ಪರಿಹಾರವಾಗುವುದಿಲ್ಲ. ಬಾಕ್ಸ್ ಬದಲಾಯಿಸಿಕೊಟ್ಟರೆ ಒಂದು ಆದೀತು. ದೇಶದಲ್ಲಿ ಮನೆ, ಕಚೇರಿಗಳಿಗೆ ತಂತಿಯ ಬ್ರಾಡ್‌ಬ್ಯಾಂಡ್ ಪಡೆದವರು 4 ಕೋಟಿ ದಾಟಿದ್ದಾರೆ. ಅಷ್ಟು ಜನರ ಗುಣಮಟ್ಟದ ಲೆಕ್ಕವನ್ನು ಇನ್ನೂ ಸರ್ಕಲ್ ಮಟ್ಟದಲ್ಲೇ ಇಟ್ಟುಕೊಳ್ಳುವುದಕ್ಕೆ ಕಾರಣ ಉಳಿದಿಲ್ಲ. ರಾತ್ರಿ ಎಂಟರಿಂದ ಹತ್ತರ ಸರಾಸರಿಯನ್ನೂ ಮೇಲ್‌ಸಂಪರ್ಕದ ಬಳಕೆಯ ಪ್ರಮಾಣವನ್ನೂ ತಾಲ್ಲೂಕುವಾರು ಪ್ರಕಟಿಸುವಂತೆ ಟ್ರಾಯ್ ಕಂಪನಿಗಳಿಗೆ ಆದೇಶಿಸಬೇಕು. ಹೊಸಪೇಟೆ, ಸಂಡೂರು, ಕಂಪ್ಲಿಯ ಓದುಗರು ಅಲ್ಲಿಯವರೆಗೆ ಪ್ಲಾನ್ ಏರಿಸುವ ಮುನ್ನ ಒಂದು ಕೇಬಲ್ ತಂದು ಬಾಕ್ಸಿಗೆ ಚುಚ್ಚಿ, ರಾತ್ರಿ ಒಂಬತ್ತಕ್ಕೆ ಅಳೆಯಲಿ.